ಹಳೆಯ ಸ್ಪೋರ್ಟ್ಸ್ ಕಾರಿನ ಬಿರುಕು ಬಿಟ್ಟ ಮುಂಗಾಜು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಹಳೆಯ ಎರಡಾಸನದ ಸ್ಪೋರ್ಟ್ಸ್ ಕಾರುಗಳನ್ನು ಉಳಿಸಿಕೊಂಡು ಬಂದವರು ಬೆರಳೆಣಿಕೆಯಷ್ಟು ಮಂದಿ. ಎಂಜಿನ್ನಿನ ಕೆಲಸವನ್ನು ಮಾಡಿಕೊಡಬಲ್ಲ ಕೈಗಳು ನಮ್ಮಲ್ಲಿ ಬೇಕಾದಷ್ಟಿವೆ. ಮುಂದಿನ ಗಾಜು ಒಡೆದಾಗ ಮಾತ್ರ ಎಲ್ಲರೂ ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ಬೆಳಗಾವಿಯಲ್ಲಿ ಒಂದು ಎಂಜಿಬಿ ರೋಡ್‌ಸ್ಟರನ್ನು, ಅಂದರೆ ಮೇಲ್ಛಾವಣಿ ತೆರೆಯಬಹುದಾದ ಹಳೆಯ ಬ್ರಿಟಿಷ್ ಕಾರನ್ನು, ಇಟ್ಟುಕೊಂಡು, ಅದರ ಗಾಜನ್ನು ಒಂದಲ್ಲ ಎರಡು ಸಲ ಬದಲಿಸಬೇಕಾಗಿ ಬಂದ ನನ್ನನ್ನು ಇತರ ಮಾಲೀಕರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದ್ದೇನೆ. ಉತ್ತರಗಳು ಮುಖ್ಯವಾಗಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಮತ್ತು ಟ್ರಯಂಫ್ ಸ್ಪಿಟ್‌ಫೈರ್ ಕಾರುಗಳಿಗೆ, ಅಲ್ಲಲ್ಲಿ 1950ರ ದಶಕದ ಆರಂಭದ ಎಂಜಿ ಟಿಡಿಗೆ ಸಂಬಂಧಿಸಿವೆ.

ಬಿರುಕು ಒಂದು ಬೆರಳಿನಷ್ಟೇ ಉದ್ದವಿದೆ. ಈಗಲೇ ಬದಲಿಸಬೇಕೇ?

ಬಿರುಕಿನ ಉದ್ದಕ್ಕಿಂತ ಅದು ಇರುವ ಜಾಗವನ್ನು ಮೊದಲು ನೋಡಬೇಕು. ಗಾಜಿನ ಅಂಚನ್ನು ಮುಟ್ಟಿರುವ ಬಿರುಕು ಎಷ್ಟೇ ಚಿಕ್ಕದಾಗಿದ್ದರೂ ಬೆಳೆಯುವುದು ಖಚಿತ, ಏಕೆಂದರೆ ಚೌಕಟ್ಟಿನ ಒತ್ತಡವೆಲ್ಲ ಅಂಚಿನಲ್ಲಿಯೇ ಇರುತ್ತದೆ. ಚಾಲಕನ ಕಣ್ಣಿನ ನೇರಕ್ಕೆ ಇರುವ ಬಿರುಕೂ ಗಾಜನ್ನು ಬದಲಿಸಲು ಸಾಕಷ್ಟು ಕಾರಣವೇ, ಏಕೆಂದರೆ ಸಂಜೆ ಎದುರು ಬರುವ ಗಾಡಿಯ ಬೆಳಕು ಅದರ ಮೇಲೆ ಬಿದ್ದು ಒಡೆದು ಹರಡುತ್ತದೆ. ಇವೆರಡೂ ಅಲ್ಲದಿದ್ದರೆ, ಹೊಸ ಗಾಜು ಕೈಗೆ ಬರುವವರೆಗೆ ನಿಧಾನವಾಗಿ ಗಾಡಿಯನ್ನು ಓಡಿಸುತ್ತಿರಬಹುದು. ಬಿರುಕಿನ ಎರಡೂ ತುದಿಗಳ ಪಕ್ಕದಲ್ಲಿ ಮಾರ್ಕರಿನಿಂದ ಸಣ್ಣ ಗುರುತು ಹಾಕಿ, ದಿನಾಂಕ ಬರೆದಿಡಿ. ಅದು ಬೆಳೆಯುತ್ತಿದೆಯೋ ಇಲ್ಲವೋ ಎಂಬುದು ಒಂದೇ ವಾರದಲ್ಲಿ ತಿಳಿಯುತ್ತದೆ.

ನಮ್ಮ ಭಾಗದಲ್ಲಿ ಬಿರುಕುಗಳು ಇಷ್ಟು ಬೇಗ ಬೆಳೆಯಲು ಕಾರಣವೇನು?

ಮೊದಲ ಪೆಟ್ಟು ಸಾಮಾನ್ಯವಾಗಿ ಕಲ್ಲಿನದು. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಖಡಿ ತುಂಬಿದ ಟಿಪ್ಪರಿನ ಹಿಂದೆ ಹೋಗುವಾಗ, ಕಬ್ಬಿನ ಹಂಗಾಮಿನಲ್ಲಿ ಜೋಡಿ ಟ್ರ್ಯಾಲಿ ಎಳೆಯುವ ಟ್ರ್ಯಾಕ್ಟರಿನ ಗಾಲಿಯಿಂದ ಸಿಡಿಯುವ ಕಲ್ಲು ತಗುಲಿದಾಗ, ಕಡಲೆಕಾಳಿನಷ್ಟು ಚಕ್ಕೆ ಏಳುತ್ತದೆ. ರೋಡ್‌ಸ್ಟರಿನ ಗಾಜು ರಸ್ತೆಗೆ ಹತ್ತಿರವಿರುವುದರಿಂದ ಇತರ ಕಾರುಗಳಿಗಿಂತ ಈ ಪೆಟ್ಟು ಇದಕ್ಕೆ ಹೆಚ್ಚು.

ಆಮೇಲಿನ ಕೆಲಸವನ್ನು ಬಿಸಿಲು ಮತ್ತು ನೀರು ಮಾಡುತ್ತವೆ. ಗಾಜು ಒತ್ತುವಿಕೆಯನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ, ಎಳೆತವನ್ನು ತಡೆಯಲಾರದು. ಬಿಸಿಲಿನಲ್ಲಿ ಒಂದು ಭಾಗ ಕಾದು ಇನ್ನೊಂದು ಭಾಗ ನೆರಳಿನಲ್ಲಿ ತಂಪಾಗಿ ಉಳಿದರೆ ತಂಪಾದ ಭಾಗದಲ್ಲಿ ಎಳೆತ ಹುಟ್ಟಿ, ಬಿರುಕಿನ ತುದಿ ಅಲ್ಲಿಂದ ಮುಂದೆ ಸಾಗುತ್ತದೆ. ವಿಜಯಪುರದಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿ ದಾಟುವ ದಿನಗಳಲ್ಲಿ, ಮಧ್ಯಾಹ್ನ ನಿಂತ ಗಾಡಿಯ ಮೇಲೆ ಧೂಳು ತೊಳೆಯಲೆಂದು ಒಂದು ಕೊಡ ತಣ್ಣೀರು ಸುರಿದರೆ, ಬೆರಳುದ್ದದ ಬಿರುಕು ಗಾಜಿನ ಆ ತುದಿಯವರೆಗೆ ಹರಿದುಹೋಗುವುದಕ್ಕೆ ಒಂದು ಕ್ಷಣ ಸಾಕು. ಮಳೆಯೂ ನಿರಪರಾಧಿಯಲ್ಲ. ನೀರಿನ ಅಂಶ ಬಿರುಕಿನ ತುದಿಯಲ್ಲಿ ಗಾಜಿನ ಕಟ್ಟನ್ನೇ ರಾಸಾಯನಿಕವಾಗಿ ಸಡಿಲಗೊಳಿಸುವುದರಿಂದ, ಒಣ ಗಾಜಿನಲ್ಲಿ ಸುಮ್ಮನಿರಬಹುದಾದ ಬಿರುಕು ಖಾನಾಪುರದ ಆಷಾಢದಲ್ಲಿ ಮೆಲ್ಲನೆ ನಡೆಯತೊಡಗುತ್ತದೆ.

ರೆಸಿನ್ ತುಂಬಿಸಿ ದುರಸ್ತಿ ಮಾಡಿಸಿದರೆ ಸಾಲದೇ?

ಚಕ್ಕೆಯು ಐದು ರೂಪಾಯಿಯ ನಾಣ್ಯಕ್ಕಿಂತ ಚಿಕ್ಕದಾಗಿದ್ದು, ಹೊರಗಿನ ಪದರಕ್ಕೆ ಮಾತ್ರ ಸೀಮಿತವಾಗಿದ್ದು, ಒಳಗೆ ಧೂಳು ಸೇರಿರದಿದ್ದರೆ ಸಾಕು. ಒಳಗಿನ ಗಾಳಿಯನ್ನು ಹೊರಗೆಳೆದು, ರೆಸಿನ್ ಎಂಬ ಪಾರದರ್ಶಕ ಅಂಟುದ್ರವವನ್ನು ಒತ್ತಡದಿಂದ ತುಂಬಿಸಿ, ನೇರಳಾತೀತ ಬೆಳಕಿನಿಂದ ಗಟ್ಟಿ ಮಾಡುವ ವಿಧಾನವಿದು. ಗುರುತು ಪೂರ್ತಿ ಮಾಯವಾಗುವುದಿಲ್ಲ, ಬೆಳವಣಿಗೆ ನಿಲ್ಲುತ್ತದೆ. ಪೆಟ್ಟು ಬಿದ್ದ ದಿನವೇ ಅದರ ಮೇಲೆ ಪಾರದರ್ಶಕ ಟೇಪು ಅಂಟಿಸಿಟ್ಟರೆ ಧೂಳು ಮತ್ತು ನೀರು ಒಳಗೆ ಹೋಗದೆ, ದುರಸ್ತಿ ಚೆನ್ನಾಗಿ ಕೂಡುತ್ತದೆ. ಉದ್ದವಾಗಿ ಹರಿದ ಬಿರುಕಿಗೆ ಈ ಉಪಾಯ ನಡೆಯದು.

ನನ್ನ ಗಾಡಿಯಲ್ಲಿರುವುದು ಲ್ಯಾಮಿನೇಟೆಡ್ ಗಾಜೋ ಟಫನ್ಡ್ ಗಾಜೋ ಎಂದು ತಿಳಿಯುವುದು ಹೇಗೆ?

ಬಿರುಕು ಬಿಟ್ಟ ಮೇಲೂ ಗಾಜು ತನ್ನ ಜಾಗದಲ್ಲಿ ನಿಂತಿದೆ ಎಂದರೆ ಅದು ಲ್ಯಾಮಿನೇಟೆಡ್. ಟಫನ್ಡ್, ಅಂದರೆ ಕಾಯಿಸಿ ಥಟ್ಟನೆ ತಣಿಸಿ ಗಟ್ಟಿ ಮಾಡಿದ ಗಾಜಿನಲ್ಲಿ ಬಿರುಕು ಎಂಬುದೇ ಇಲ್ಲ. ಅದು ಒಡೆದರೆ ಇಡೀ ಗಾಜು ಒಮ್ಮೆಲೇ ಸಕ್ಕರೆ ಹರಳಿನಂತೆ ಸಣ್ಣ ಚೂರುಗಳಾಗುತ್ತದೆ. ಗಾಜಿನ ಮೂಲೆಯಲ್ಲಿ ಕೆತ್ತಿದ ಗುರುತನ್ನೂ ಓದಿ. ಅದರಲ್ಲಿ ತಯಾರಕರ ಹೆಸರು, ಗಾಜಿನ ಬಗೆ, ಅದು ಪಾಲಿಸುವ ಮಾನದಂಡ ಇರುತ್ತವೆ.

ಲ್ಯಾಮಿನೇಟೆಡ್ ಗಾಜು ಎಂದರೆ ಎರಡು ಹಾಳೆ ಗಾಜುಗಳ ನಡುವೆ ಒಂದು ಪ್ಲಾಸ್ಟಿಕ್ ಪದರವನ್ನು ಬೆಸೆದದ್ದು. ಫ್ರೆಂಚ್ ರಸಾಯನ ವಿಜ್ಞಾನಿ ಎಡುವಾರ್ ಬೆನೆಡಿಕ್ಟಸ್ 1903ರಲ್ಲಿ ಕಂಡುಕೊಂಡು 1909ರಲ್ಲಿ ಪೇಟೆಂಟ್ ಪಡೆದ ಈ ವಿದ್ಯೆಯಲ್ಲಿ ಮೊದಲಿಗೆ ಸೆಲ್ಯುಲಾಯ್ಡ್ ಬಗೆಯ ಪದರವನ್ನು ಬಳಸುತ್ತಿದ್ದರು. ಬಿಸಿಲಿಗೆ ಅದು ಹಳದಿಯಾಗುತ್ತಿತ್ತು. ಆಮೇಲೆ ಬಂದ ಪಾಲಿವಿನೈಲ್ ಬ್ಯುಟಿರಾಲ್, ಅಂದರೆ ಪಿವಿಬಿ ಪದರವೇ ಇಂದಿಗೂ ಇದೆ. ನಿಮ್ಮ ಗಾಜಿನ ಅಂಚಿನಲ್ಲಿ ಹಾಲಿನಂತಹ ಬಿಳುಪು ಹರಡಿದ್ದರೆ ಪದರಗಳು ಬೇರ್ಪಡುತ್ತಿವೆ ಎಂದರ್ಥ. ಬಿರುಕು ಇರಲಿ ಬಿಡಲಿ, ಆ ಗಾಜಿನ ಆಯುಷ್ಯ ಮುಗಿಯುತ್ತ ಬಂದಿದೆ.

ಒಡೆದ ಗಾಜನ್ನು ತೆಗೆದು ಎಸೆದುಬಿಡಬಹುದೇ?

ಎಸೆಯಬೇಡಿ. ಈ ಪುಟದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ. ಐವತ್ತು ಅರವತ್ತು ವರ್ಷಗಳಲ್ಲಿ ನಿಮ್ಮ ಗಾಡಿಯ ಚೌಕಟ್ಟು ಎಲ್ಲೋ ಒಂದು ಕಡೆ ಬಾಗಿರುತ್ತದೆ, ಯಾರೋ ಅದನ್ನು ಬಿಚ್ಚಿ ಕೂಡಿಸಿರುತ್ತಾರೆ, ಎಲ್ಲೋ ಅಪಘಾತವಾಗಿ ಬಾಡಿಯನ್ನು ಎಳೆದು ಸರಿಮಾಡಿರುತ್ತಾರೆ. ಕಾರ್ಖಾನೆಯ ನಕಾಶೆಯಲ್ಲಿರುವ ಅಳತೆಗೂ ನಿಮ್ಮ ಗಾಡಿಯಲ್ಲಿ ಇಷ್ಟು ದಿನ ಕೂತಿದ್ದ ಗಾಜಿನ ಅಳತೆಗೂ ಎರಡು ಮೂರು ಮಿಲಿಮೀಟರ್ ವ್ಯತ್ಯಾಸವಿರುವುದು ಅಸಹಜವಲ್ಲ. ಹಳೆಯ ಗಾಜು ಒಡೆದಿದ್ದರೂ ಅದೇ ನಿಜವಾದ ಅಚ್ಚು.

ತೆಗೆಯುವ ಮೊದಲು ಗಾಜಿನ ಎರಡೂ ಮುಖಗಳಿಗೆ ಅಗಲವಾದ ಟೇಪನ್ನು ಅಡ್ಡಡ್ಡ ಉದ್ದುದ್ದ ಅಂಟಿಸಿ, ಇಡಿಯಾಗಿ ಹೊರತೆಗೆದು, ಮೂರು ಮಿಲಿಮೀಟರ್ ಪ್ಲೈವುಡ್ಡಿನ ಮೇಲೆ ಮಲಗಿಸಿ ಸುತ್ತಲೂ ಚೂಪು ಪೆನ್ಸಿಲಿನಿಂದ ಗೆರೆ ಎಳೆದುಕೊಳ್ಳಿ. ಬಡಿಗರಿಂದ ಆ ಪ್ಲೈವುಡ್ಡನ್ನು ಗೆರೆಗೆ ಸರಿಯಾಗಿ ಕತ್ತರಿಸಿ, ಚೌಕಟ್ಟಿನಲ್ಲಿ ಕೂಡಿಸಿ ನೋಡಿರಿ. ಬಾಗಿದ ಗಾಜಾದರೆ ಪ್ಲೈವುಡ್ಡಿನಿಂದ ಹೊರ ಆಕಾರ ಮಾತ್ರ ಸಿಗುತ್ತದೆ. ಬಾಗುವಿಕೆಗೆ, ನಡುವಿನ ಎತ್ತರವನ್ನು ಒಂದು ನೇರ ಪಟ್ಟಿಯಿಂದ ಅಳೆದು ಬರೆದಿಟ್ಟುಕೊಳ್ಳಬೇಕು.

ಹೊಸ ಗಾಜು ಎಲ್ಲಿ ಸಿಗುತ್ತದೆ? ಬೆಳಗಾವಿಯಲ್ಲಿಯೇ ಮಾಡಿಸಬಹುದೇ?

ಗಾಜು ಚಪ್ಪಟೆಯೋ ಬಾಗಿದ್ದೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಎಂಜಿ ಟಿಡಿಯಂತಹ ಗಾಡಿಗಳ ಮಡಚುವ ಚೌಕಟ್ಟಿನಲ್ಲಿರುವುದು ಚಪ್ಪಟೆ ಗಾಜು. ಅದನ್ನು ವಾಹನಗಳಿಗೆಂದೇ ತಯಾರಾದ ಲ್ಯಾಮಿನೇಟೆಡ್ ಹಾಳೆಯಿಂದ ಅನುಭವವಿರುವ ಗಾಜಿನ ಕೆಲಸಗಾರರು ಇಲ್ಲಿಯೇ ಕತ್ತರಿಸಿಕೊಡಬಲ್ಲರು. ಎರಡೂ ಮುಖಗಳಲ್ಲಿ ಒಂದೇ ಗೆರೆಯ ಮೇಲೆ ವಜ್ರದ ಕತ್ತರಿಯಿಂದ ಗೀರಿ, ಎರಡೂ ಹಾಳೆಗಳನ್ನು ಮುರಿದು, ನಡುವಿನ ಪದರವನ್ನು ಬೆಚ್ಚಗೆ ಮಾಡಿ ತೆಳ್ಳನೆಯ ಬ್ಲೇಡಿನಿಂದ ಕೊಯ್ಯಬೇಕಾಗುತ್ತದೆ. ಎರಡು ಗೆರೆಗಳು ಒಂದಕ್ಕೊಂದು ಸರಿಹೊಂದದಿದ್ದರೆ ಅಂಚಿನಲ್ಲಿ ಮೆಟ್ಟಿಲಾಗಿ, ಆ ಮೆಟ್ಟಿಲೇ ಮುಂದಿನ ಬಿರುಕಿನ ಬೀಜವಾಗುತ್ತದೆ. ಕತ್ತರಿಸಿದ ಮೇಲೆ ಅಂಚನ್ನು ಬೆಲ್ಟಿನ ಮೇಲೆ ಉಜ್ಜಿ ನಯ ಮಾಡಿಸಿಕೊಳ್ಳುವುದನ್ನು ಮರೆಯಬಾರದು.

ಎಂಜಿಬಿ, ಸ್ಪಿಟ್‌ಫೈರ್ ಮುಂತಾದವುಗಳದು ಬಾಗಿದ ಗಾಜು. ಅದನ್ನು ಮಾಡಲು ಆಕಾರಕ್ಕೆ ತಕ್ಕ ಅಚ್ಚು ಬೇಕು. ಆ ಅಚ್ಚಿನ ಮೇಲೆ ಗಾಜನ್ನಿಟ್ಟು ಕುಲುಮೆಯಲ್ಲಿ 600 ಡಿಗ್ರಿಗೂ ಮೇಲೆ ಕಾಯಿಸಿ ತನ್ನ ಭಾರಕ್ಕೆ ತಾನೇ ಬಾಗುವಂತೆ ಮಾಡಬೇಕು. ಒಂದೇ ಗಾಜಿಗಾಗಿ ಇಷ್ಟು ಮಾಡುವುದು ಯಾರಿಗೂ ಕಟ್ಟದು. ಅದೃಷ್ಟಕ್ಕೆ ಈ ಎರಡು ಕಾರುಗಳು ಲಕ್ಷಗಟ್ಟಲೆ ತಯಾರಾದವು. ಎಂಜಿಬಿಯೊಂದೇ ಐದು ಲಕ್ಷಕ್ಕೂ ಹೆಚ್ಚು. ಆದ್ದರಿಂದ ಇಂಗ್ಲೆಂಡಿನ ಬಿಡಿಭಾಗಗಳ ವ್ಯಾಪಾರಿಗಳಲ್ಲಿ ಹೊಸದಾಗಿ ತಯಾರಿಸಿದ ಗಾಜು ಈಗಲೂ ಸಿಗುತ್ತದೆ.

ಮನೆಯ ಕಿಟಕಿಗೆ ಹಾಕುವ 6.38 ಮಿಲಿಮೀಟರ್ ಲ್ಯಾಮಿನೇಟೆಡ್ ಗಾಜನ್ನು ಹಾಕಿಸಿದರೆ ಏನು ತಪ್ಪು?

ನೋಡಲು ಒಂದೇ ತರಹ, ಅಗಲವೂ ದಪ್ಪವೂ ಹೆಚ್ಚು ಕಡಿಮೆ ಅಷ್ಟೇ. ತಪ್ಪು ಇರುವುದು ಕಾಣದ ಪದರದಲ್ಲಿ. 6.38 ಎಂದರೆ ಮೂರು ಮೂರು ಮಿಲಿಮೀಟರಿನ ಎರಡು ಗಾಜುಗಳು, ನಡುವೆ 0.38 ಮಿಲಿಮೀಟರ್ ಪದರ. ವಾಹನದ ಮುಂಗಾಜಿಗೆ ಬಳಸುವ ಪದರ ಅದರ ಎರಡರಷ್ಟು, ಅಂದರೆ 0.76 ಮಿಲಿಮೀಟರ್. ಡಿಕ್ಕಿಯಾದಾಗ ತಲೆ ಗಾಜನ್ನು ತೂರಿ ಹೊರಹೋಗದಂತೆ ತಡೆಯುವುದು ಈ ಪದರದ ದಪ್ಪವೇ ಹೊರತು ಗಾಜಲ್ಲ. ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ಏರ್‌ಬ್ಯಾಗಿಲ್ಲ, ಎಷ್ಟೋ ಗಾಡಿಗಳಲ್ಲಿ ಸೀಟ್‌ಬೆಲ್ಟೂ ಇಲ್ಲ, ಮುಖ ಗಾಜಿಗೆ ಎರಡು ಗೇಣು ದೂರದಲ್ಲಿರುತ್ತದೆ. ನನಗೆ ಒಮ್ಮೆ ಒಂದು ಅಂಗಡಿಯವರು ಇದೇ ಕಿಟಕಿಯ ಗಾಜನ್ನು ‘ಕಾರಿನದೇ’ ಎಂದು ತೋರಿಸಿದರು. ಮೂಲೆಯಲ್ಲಿ ಯಾವ ಗುರುತೂ ಇರಲಿಲ್ಲವಾದ್ದರಿಂದ ಹಿಂದಿರುಗಿ ಬಂದೆ.

ಅಕ್ರಿಲಿಕ್ ಅಥವಾ ಪಾಲಿಕಾರ್ಬೊನೇಟ್ ಹಾಳೆ?

ರಸ್ತೆಯ ಗಾಡಿಗೆ ಬೇಡ. ನಿಯಮ ಕೇಳುವುದು ಸುರಕ್ಷಾ ಗಾಜನ್ನು. ಅದನ್ನು ಬದಿಗಿಟ್ಟರೂ, ಬಾಗಲಕೋಟೆಯ ಧೂಳಿನ ಮೇಲೆ ವೈಪರ್ ನಾಲ್ಕು ಸಲ ಓಡಾಡಿದರೆ ಆ ಹಾಳೆ ಮಬ್ಬಾಗುತ್ತದೆ.

ಹೊರದೇಶದಿಂದ ತರಿಸುವಾಗ ಯಾವುದನ್ನು ಗಮನಿಸಬೇಕು?

ಗಾಜಿನ ಬೆಲೆಗಿಂತ ಪೆಟ್ಟಿಗೆ ಮತ್ತು ಸಾಗಣೆಯ ಬೆಲೆ ಹೆಚ್ಚಾಗುವ ಸಾಧ್ಯತೆಗೆ ಮನಸ್ಸು ಸಿದ್ಧವಿರಲಿ. ಸುಂಕದ ಪಟ್ಟಿಯಲ್ಲಿ ಸುರಕ್ಷಾ ಗಾಜು 7007 ಎಂಬ ಶೀರ್ಷಿಕೆಯಡಿ ಬರುತ್ತದೆ. ವಾಹನಗಳ ಲ್ಯಾಮಿನೇಟೆಡ್ ಗಾಜು 7007 21. ಬಿಲ್ಲಿನಲ್ಲಿ ಈ ಸಂಖ್ಯೆಯನ್ನು ಮಾರಾಟಗಾರರಿಂದಲೇ ಬರೆಸಿಕೊಂಡರೆ ಕಸ್ಟಮ್ಸ್ ಏಜೆಂಟರ ಕೆಲಸ ಹಗುರವಾಗುತ್ತದೆ. ಮರದ ಪೆಟ್ಟಿಗೆಯಲ್ಲಿ ಗಾಜು ಮಲಗಿರಬಾರದು, ಅಂಚಿನ ಮೇಲೆ ನಿಂತಿರಬೇಕು. ಮುಂಬಯಿಯಿಂದಲೋ ಗೋವೆಯಿಂದಲೋ ಲಾರಿಯಲ್ಲಿ ಬರುವಾಗಲೂ ಹಾಗೆಯೇ ನಿಲ್ಲಿಸಬೇಕೆಂದು ಸಾಗಣೆಯವರಿಗೆ ಬರೆದುಕೊಡಿ. ಪೆಟ್ಟಿಗೆ ತಲುಪಿದಾಗ ಸಹಿ ಹಾಕುವ ಮೊದಲು ತೆರೆದು, ಅಂಚಿನ ಸುತ್ತ ಬೆರಳಿನಿಂದಲ್ಲ, ಟಾರ್ಚಿನ ಬೆಳಕಿನಿಂದ ನೋಡಿರಿ.

ಇಡಿಯಾಗಿ ಜೋಡಿಸಿದ ಚೌಕಟ್ಟು ಸಮೇತ ಗಾಜು ಸಿಕ್ಕರೆ ಹಣ ಹೆಚ್ಚಾದರೂ ಒಂದು ಸಲ ಯೋಚಿಸಿ. ಕೆಲಸದ ಅತ್ಯಂತ ಕಠಿಣ ಅರ್ಧಭಾಗ ಅಲ್ಲಿಗೇ ಮುಗಿಯುತ್ತದೆ.

ಕಾನೂನು ಏನನ್ನು ಕೇಳುತ್ತದೆ?

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೆಯ ನಿಯಮ ಗಾಜಿಗೆ ಸಂಬಂಧಿಸಿದ್ದು. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ ಶೇಕಡಾ 70ರಷ್ಟು, ಪಕ್ಕದ ಗಾಜುಗಳಲ್ಲಿ ಕನಿಷ್ಠ ಶೇಕಡಾ 50ರಷ್ಟು ಬೆಳಕು ಹಾದುಹೋಗಬೇಕು. ಗಾಜಿನ ಗುಣಮಟ್ಟಕ್ಕೆ ಭಾರತೀಯ ಮಾನದಂಡ ಐಎಸ್ 2553 ಇದೆ. ತೆರೆದ ಕಾರಿನಲ್ಲಿ ಬಿಸಿಲು ಹೆಚ್ಚೆಂದು ಮುಂಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವ ಆಸೆಯನ್ನು ಬಿಡಿ. 2012ರಲ್ಲಿ ಸರ್ವೋಚ್ಚ ನ್ಯಾಯಾಲಯ ಕಪ್ಪು ಫಿಲ್ಮುಗಳ ವಿರುದ್ಧ ಆದೇಶ ನೀಡಿದ ಮೇಲೆ ಪೊಲೀಸರ ಕಣ್ಣು ಮೊದಲು ಬೀಳುವುದು ಗಾಜಿನ ಮೇಲೆಯೇ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಣಕ್ಕೆ ಬೆಳಗಾವಿಯ ಕೆಎ 22 ಆಗಲಿ, ವಿಜಯಪುರದ ಕೆಎ 28 ಆಗಲಿ, ಬಾಗಲಕೋಟೆಯ ಕೆಎ 29 ಆಗಲಿ, ಯಾವ ಕಚೇರಿಗೆ ಗಾಡಿಯನ್ನು ಒಯ್ದರೂ, ಬಿರುಕು ಬಿಟ್ಟ ಮುಂಗಾಜಿನೊಂದಿಗೆ ಹೋಗುವುದು ಜಾಣತನವಲ್ಲ.

ಗಾಜು ಬದಲಿಸಿದರೆ ವಿಂಟೇಜ್ ನೋಂದಣಿಗೆ ಅಡ್ಡಿಯಾಗುವುದೇ?

ಇಲ್ಲ. ಕೇಂದ್ರ ಸರಕಾರ 2021ರ ಜುಲೈನಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಬಾಡಿ ಶೆಲ್ ಮತ್ತು ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡಾಗಿರದ ವಾಹನಕ್ಕೆ ‘ವಿಎ’ ಅಕ್ಷರಗಳುಳ್ಳ ಸಂಖ್ಯೆ ಸಿಗುತ್ತದೆ. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಮರುನೋಂದಣಿಯದು 5,000 ರೂಪಾಯಿ, ಅವಧಿ 10 ವರ್ಷ. ಗಾಜು ಈ ಮಾರ್ಪಾಡುಗಳ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಗಾಜು ಕೂರಲಿಲ್ಲವೆಂದು ಬಾಡಿಯ ಪತ್ರೆಯನ್ನು (ಲೋಹದ ತಗಡನ್ನು) ಕತ್ತರಿಸಿ ಹೊಸ ಚೌಕಟ್ಟು ಬೆಸೆಯುವವರನ್ನು ಕಂಡಿದ್ದೇನೆ; ಅದು ಬೇರೆಯೇ ಕಥೆ.

ವಿಮೆಯಿಂದ ಹಣ ಬರುತ್ತದೆಯೇ?

ಸ್ವಂತ ಹಾನಿಯನ್ನೂ ಒಳಗೊಂಡ ಪಾಲಿಸಿಯಿದ್ದರೆ ಬರುತ್ತದೆ. ಸಾಮಾನ್ಯ ಪಾಲಿಸಿಯಲ್ಲಿ ಗಾಜಿನ ಭಾಗಕ್ಕೆ ಸವಕಳಿ ಕಡಿತವಿಲ್ಲ, ರಬ್ಬರಿಗೆ ಮಾತ್ರ ಶೇಕಡಾ 50 ಕಡಿತವಾಗುತ್ತದೆ. ಕ್ಲೇಮು ಮಾಡಿದರೆ ನೋ ಕ್ಲೇಮ್ ಬೋನಸ್ಸು ಹೋಗಬಹುದಾದ್ದರಿಂದ ಎರಡನ್ನೂ ಲೆಕ್ಕ ಹಾಕಿ. ಸರ್ವೆಯರು ನೋಡುವ ಮೊದಲು ಗಾಜನ್ನು ಬಿಚ್ಚಬೇಡಿ.

ಎಂಜಿಬಿಯ ಮುಂಗಾಜನ್ನು ಬಿಚ್ಚುವ ಕ್ರಮವೇನು?

ಎಂಜಿಬಿ ರೋಡ್‌ಸ್ಟರಿನಲ್ಲಿ ಗಾಜನ್ನು ಗಾಡಿಯ ಮೇಲಿಟ್ಟುಕೊಂಡೇ ತೆಗೆಯಲು ಹೋಗಬಾರದು. ಅಲ್ಯುಮಿನಿಯಂ ಚೌಕಟ್ಟು ಸಮೇತ ಇಡೀ ಜೋಡಣೆಯನ್ನು ಮೊದಲು ಗಾಡಿಯಿಂದ ಇಳಿಸಿ, ಆಮೇಲೆ ಮೇಜಿನ ಮೇಲೆ ಕಂಬಳಿ ಹಾಸಿ ಅದನ್ನು ಬಿಚ್ಚಬೇಕು. ಬ್ಯಾಟರಿಯ ತಂತಿಯನ್ನು ಮೊದಲೇ ತೆಗೆದಿಡಿ, ಏಕೆಂದರೆ ನಿಮ್ಮ ಕೈ ಹೋಗಬೇಕಾದದ್ದು ಡ್ಯಾಶ್‌ಬೋರ್ಡಿನ ಹಿಂದಿನ ತಂತಿಗಳ ನಡುವೆ. ಚೌಕಟ್ಟಿನ ಎರಡೂ ಬದಿಯ ಕಂಬಗಳು ಬಾಡಿಯೊಳಗೆ ಇಳಿದು, ಪ್ರತಿ ಬದಿಗೆ ಎರಡೆರಡು ಬೋಲ್ಟುಗಳಿಂದ ಒಳಗಿನಿಂದ ಹಿಡಿದುಕೊಂಡಿರುತ್ತವೆ. ಅವು ಡ್ಯಾಶ್‌ಬೋರ್ಡಿನ ಅಡಿಯಲ್ಲಿ, ನೋಡಲಾಗದ, ಬೆರಳು ಮಾತ್ರ ತಲುಪುವ ಜಾಗದಲ್ಲಿವೆ. ಡ್ಯಾಶ್‌ಬೋರ್ಡನ್ನು ಸಡಿಲ ಮಾಡಿ ಸ್ವಲ್ಪ ಹಿಂದಕ್ಕೆ ಎಳೆದುಕೊಂಡರೆ ಅರ್ಧ ದಿನದ ಬೈಗುಳ ಉಳಿಯುತ್ತದೆ. ನಡುವೆ ಕನ್ನಡಿಯನ್ನು ಹೊತ್ತ ಸರಳಿನ ಬುಡವನ್ನೂ ಬಿಚ್ಚಬೇಕು.

ಈ ಗಾಡಿಯ ಬೋಲ್ಟುಗಳು ಇಂಚಿನ ಅಳತೆಯ ಯುಎನ್‌ಎಫ್ ಜಾತಿಯವು. 1/2 ಇಂಚಿನ ಪಾನಾ ಇಲ್ಲವೆಂದು 13 ಮಿಲಿಮೀಟರಿನದನ್ನು ಹಾಕಿದರೆ, ಆ ಇಕ್ಕಟ್ಟಿನಲ್ಲಿ ಬೋಲ್ಟಿನ ತಲೆ ಸವೆದು ಗುಂಡಗಾದ ಮೇಲೆ ಅದನ್ನು ತೆಗೆಯಲು ದೇವರೇ ಬರಬೇಕು. ಕಂಬದ ಬುಡದಲ್ಲಿ ತೆಳ್ಳನೆಯ ಪ್ಯಾಕಿಂಗ್ ತುಣುಕುಗಳು ಸಿಗಬಹುದು. ಎಡಕ್ಕೆ ಎಷ್ಟು, ಬಲಕ್ಕೆ ಎಷ್ಟು ಎಂದು ಬರೆದಿಡಿ, ಫೋಟೋ ತೆಗೆದಿಡಿ.

ಜೋಡಣೆಯನ್ನು ಮೇಲೆತ್ತುವಾಗ ಇಬ್ಬರು ಬೇಕು. ಒಂದು ಬದಿ ಮೇಲೆದ್ದು ಇನ್ನೊಂದು ಬದಿ ಅಲ್ಲಿಯೇ ಸಿಕ್ಕಿಕೊಂಡರೆ ಚೌಕಟ್ಟು ತಿರುಚಿಕೊಳ್ಳುತ್ತದೆ.

ಮೂಲೆಯ ಸ್ಕ್ರೂಗಳು ಅಲುಗಾಡುವುದೇ ಇಲ್ಲ. ಏನು ಮಾಡಲಿ?

ಉಕ್ಕಿನ ಸ್ಕ್ರೂ ಅಲ್ಯುಮಿನಿಯಮ್ಮಿನಲ್ಲಿ ದಶಕಗಟ್ಟಲೆ ಮಳೆ ಕುಡಿದು ಕೂತರೆ ಎರಡೂ ಲೋಹಗಳ ನಡುವೆ ಸಣ್ಣ ಬ್ಯಾಟರಿಯಂತಹ ಕ್ರಿಯೆ ನಡೆದು, ಬಿಳಿ ಪುಡಿ ಹುಟ್ಟಿ, ಅದೇ ಸಿಮೆಂಟಿನಂತೆ ಹಿಡಿಯುತ್ತದೆ. ಇಲ್ಲಿ ಬಲ ಪ್ರಯೋಗಿಸಿದವರು ಸೋಲುತ್ತಾರೆ. ಸಂದಿಯೊಳಗೆ ತೂರುವ ಎಣ್ಣೆಯನ್ನು ದಿನಕ್ಕೆರಡು ಸಲದಂತೆ ಮೂರು ದಿನ ಬಿಟ್ಟು, ಸ್ಕ್ರೂವಿನ ತಲೆಗೆ ಸರಿಯಾಗಿ ಕೂರುವ ಬಿಟ್ ಹಾಕಿದ ಇಂಪ್ಯಾಕ್ಟ್ ಡ್ರೈವರಿನಿಂದ ಹಗುರಾಗಿ ತಟ್ಟಬೇಕು. ಗಾಜು ಹೇಗೂ ಒಡೆದಿದೆ ಎಂದು ಚೌಕಟ್ಟಿಗೆ ಬೆಂಕಿ ಹಿಡಿಯಬೇಡಿ, ಅದರ ಮೇಲಿನ ಅನೊಡೈಸ್ ಲೇಪ ಕೆಡುತ್ತದೆ. ಬಿಸಿಗಾಳಿಯ ಗನ್ ಸಾಕು. ತಲೆ ಮುರಿದೇ ಹೋದರೆ ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗಕ್ಕೆ ಒಯ್ಯಿರಿ. ಫೌಂಡ್ರಿ ಮತ್ತು ಲೇತ್ ಕೆಲಸದಲ್ಲಿ ಬೆಳಗಾವಿಗೆ ಇರುವ ಹೆಸರು ಸುಮ್ಮನೆ ಬಂದದ್ದಲ್ಲ. ಮುರಿದ ಸ್ಕ್ರೂವನ್ನು ನಡುವಿಗೆ ಸರಿಯಾಗಿ ಕೊರೆದು, ಹೊಸ ಹಲ್ಲು ಕೂಡಿಸಿಕೊಡಬಲ್ಲ ಟರ್ನರುಗಳು ಅಲ್ಲಿದ್ದಾರೆ. ಹೊಸ ಸ್ಕ್ರೂಗಳನ್ನು ಸ್ಟೇನ್‌ಲೆಸ್ ಸ್ಟೀಲಿನವನ್ನೇ ಹಾಕಿ, ಹಲ್ಲಿಗೆ ಹಿಡಿಯದಂತೆ ತಡೆಯುವ ಗ್ರೀಸು ಹಚ್ಚಿದರೆ ನಿಮ್ಮ ನಂತರದ ಮಾಲೀಕರು ನಿಮ್ಮನ್ನು ಹರಸುತ್ತಾರೆ.

ಹಳೆಯ ರಬ್ಬರ್ ಬೀಡಿಂಗನ್ನೇ ಮತ್ತೆ ಹಾಕಬಹುದೇ?

ಬೇಡ. ಉಗುರಿನಿಂದ ಒತ್ತಿದರೆ ತಗ್ಗು ಬೀಳದ ರಬ್ಬರು ಗಾಜನ್ನು ಹಿಡಿಯುವುದಿಲ್ಲ, ಚುಚ್ಚುತ್ತದೆ.

ಚೌಕಟ್ಟಿನಲ್ಲಿ ಗಾಜು ಎಷ್ಟು ಬಿಗಿಯಾಗಿರಬೇಕು?

ಗಾಜು ಚೌಕಟ್ಟಿನ ಲೋಹವನ್ನು ಎಲ್ಲಿಯೂ ಮುಟ್ಟಬಾರದು. ಸುತ್ತಲೂ ರಬ್ಬರಿನ ಮೇಲೆ ತೇಲುತ್ತಿರಬೇಕು. ಇದಕ್ಕೆ ಒಂದು ಲೆಕ್ಕವಿದೆ. ಒಂದು ಮೀಟರ್ ಗಾಜು ಪ್ರತಿ ಡಿಗ್ರಿ ಉಷ್ಣತೆಗೆ ಸುಮಾರು 0.009 ಮಿಲಿಮೀಟರ್ ಹಿಗ್ಗಿದರೆ ಅಲ್ಯುಮಿನಿಯಂ ಸುಮಾರು 0.023 ಮಿಲಿಮೀಟರ್ ಹಿಗ್ಗುತ್ತದೆ. ಮೇ ತಿಂಗಳ 40 ಡಿಗ್ರಿಯ ಮಧ್ಯಾಹ್ನ ಹಿಗ್ಗಿದ ಚೌಕಟ್ಟಿನಲ್ಲಿ ಗಾಜನ್ನು ಬಿಗಿಯಾಗಿ ಕೂಡಿಸಿದ್ದೀರಿ ಎಂದುಕೊಳ್ಳಿ. ಡಿಸೆಂಬರಿನ ಬೆಳಗಿನ 14 ಡಿಗ್ರಿಗೆ ಇಳಿದಾಗ, 1.3 ಮೀಟರ್ ಅಗಲದಲ್ಲಿ ಚೌಕಟ್ಟು ಗಾಜಿಗಿಂತ ಸುಮಾರು ಅರ್ಧ ಮಿಲಿಮೀಟರ್ ಹೆಚ್ಚು ಕುಗ್ಗುತ್ತದೆ. ಮೆತ್ತನೆಯ ಹೊಸ ರಬ್ಬರು ಈ ಅರ್ಧ ಮಿಲಿಮೀಟರನ್ನು ನುಂಗಿಕೊಳ್ಳುತ್ತದೆ. ನಡುವೆ ಗಟ್ಟಿಯಾದದ್ದು ಏನಾದರೂ ಇದ್ದರೆ ಆ ಭಾರವೆಲ್ಲ ಒಂದೇ ಬಿಂದುವಿನ ಮೇಲೆ ಬೀಳುತ್ತದೆ.

ಹೊಸ ಗಾಜು ಹಾಕಿಸಿ ಆರು ತಿಂಗಳಾಗಿಲ್ಲ, ಕಲ್ಲೂ ಬಡಿದಿಲ್ಲ, ಮೂಲೆಯಿಂದ ಬಿರುಕು ಬಂದಿದೆ. ಗಾಜು ಕಳಪೆಯೇ?

ನನಗೂ ಹೀಗೆಯೇ ಆಯಿತು, ನಾನೂ ಮೊದಲು ಗಾಜನ್ನೇ ದೂರಿದೆ. ಮೊದಲ ಸಲ ಕೆಲಸ ಮಾಡಿದ್ದು ಬೇಸಿಗೆಯ ರಜೆಯಲ್ಲಿ. ಚಳಿಗಾಲದ ಒಂದು ಬೆಳಿಗ್ಗೆ ಗ್ಯಾರೇಜಿನ ಬಾಗಿಲು ತೆರೆದು ಗಾಡಿಯನ್ನು ಹೊರಗೆ ತಳ್ಳುವಾಗ ಬಳೆ ಒಡೆದಂತೆ ‘ಟಿಕ್’ ಎಂಬ ಸದ್ದು ಕೇಳಿಸಿತು. ಎಡಗಡೆಯ ಕೆಳಮೂಲೆಯಿಂದ ಬಿಲ್ಲಿನ ಆಕಾರದ ಬಿರುಕು ಹೊರಟಿತ್ತು. ಮತ್ತೆ ಎಲ್ಲವನ್ನೂ ಬಿಚ್ಚಿ ನೋಡಿದಾಗ, ಚೌಕಟ್ಟಿನ ಕೆಳಗಿನ ಪಟ್ಟಿಯ ಸೀಳಿನೊಳಗೆ ಹಳೆಯ ರಬ್ಬರಿನ ಸೆಟೆದ ಚೂರೊಂದು ಅಕ್ಕಿಕಾಳಿನಷ್ಟು ಉಳಿದಿತ್ತು. ಗಾಜಿನ ತಪ್ಪು ಏನೂ ಇರಲಿಲ್ಲ.

ಕಲ್ಲಿನ ಪೆಟ್ಟಿನಿಂದ ಬಂದ ಬಿರುಕಿನ ಬುಡದಲ್ಲಿ ಚಕ್ಕೆಯ ಗುರುತು ಇರುತ್ತದೆ. ಒತ್ತಡದಿಂದ ಬಂದದ್ದು ಅಂಚಿನಿಂದ ಯಾವ ಗುರುತೂ ಇಲ್ಲದೆ ಹೊರಡುತ್ತದೆ. ಎರಡನೆಯದಾದರೆ ಹೊಸ ಗಾಜಿಗೆ ಆರ್ಡರು ಕೊಡುವ ಮೊದಲು ಚೌಕಟ್ಟನ್ನು ಪರೀಕ್ಷಿಸಿ. ಸೀಳಿನಲ್ಲಿ ಉಳಿದ ರಬ್ಬರು ಚೂರು, ಒಳಗೆ ಮೂತಿ ಚಾಚಿದ ಉದ್ದನೆಯ ಸ್ಕ್ರೂ, ತಿರುಚಿದ ಕಂಬ, ಒಂದು ಬದಿಗೆ ಮಾತ್ರ ಹಾಕಿದ ಪ್ಯಾಕಿಂಗ್, ಇವುಗಳಲ್ಲಿ ಒಂದು ಸಿಕ್ಕೇ ಸಿಗುತ್ತದೆ. ತಿರುಚಿದ್ದನ್ನು ಕಂಡುಹಿಡಿಯಲು ಹಳೆಯ ಗಾಜಿನಿಂದ ಮಾಡಿಟ್ಟ ಪ್ಲೈವುಡ್ ಅಚ್ಚು ಇಲ್ಲಿ ಮತ್ತೆ ಉಪಯೋಗಕ್ಕೆ ಬರುತ್ತದೆ. ಚೌಕಟ್ಟಿನಲ್ಲಿ ಅದನ್ನು ಕೂಡಿಸಿ, ಗಾಡಿಗೆ ಬೋಲ್ಟು ಬಿಗಿದಾಗ ಪ್ಲೈವುಡ್ಡು ಎಲ್ಲಿಯಾದರೂ ಸಿಕ್ಕಿಬಿದ್ದರೆ ಗಾಜೂ ಅಲ್ಲಿಯೇ ಸಿಕ್ಕಿಬೀಳುತ್ತದೆ ಎಂದು ತಿಳಿಯಿರಿ.

ಸ್ಪಿಟ್‌ಫೈರಿನಲ್ಲಿ ಗಾಜು ರಬ್ಬರಿನಲ್ಲಿ ಕೂತಿದೆ. ಅದನ್ನು ಕೂಡಿಸುವುದು ಹೇಗೆ?

ಹುರಿಯಿಂದ. ಹೊಸ ಬೀಡಿಂಗನ್ನು ಒಂದು ಗಂಟೆ ಬಿಸಿಲಿನಲ್ಲಿಟ್ಟು ಮೆತ್ತಗೆ ಮಾಡಿಕೊಂಡು ಗಾಜಿನ ಸುತ್ತ ಕೂಡಿಸಿ. ಬಾಡಿಯ ಪತ್ರೆ ಕೂರುವ ಸೀಳಿನೊಳಗೆ ನಾಲ್ಕೈದು ಮಿಲಿಮೀಟರ್ ದಪ್ಪದ ನುಣುಪಾದ ನೈಲಾನ್ ಹುರಿಯನ್ನು ಪೂರ್ತಿ ಸುತ್ತು ಹಾಕಿ, ಎರಡೂ ತುದಿಗಳು ಕೆಳಗೆ ನಡುವಿನಲ್ಲಿ ಒಂದನ್ನೊಂದು ದಾಟಿ ಗಾಡಿಯ ಒಳಗೆ ಜೋತುಬೀಳುವಂತೆ ಬಿಡಿ. ಸೋಪಿನ ನೀರನ್ನು ಧಾರಾಳವಾಗಿ ಸವರಿ. ಎಣ್ಣೆ ಅಥವಾ ಗ್ರೀಸು ಬೇಡ, ಅವು ರಬ್ಬರನ್ನು ಉಬ್ಬಿಸಿ ಕೊಳೆಸುತ್ತವೆ. ಹೊರಗೆ ನಿಂತವರು ಅಂಗೈಯಿಂದ ಗಾಜನ್ನು ಒತ್ತುತ್ತಿರುವಾಗ, ಒಳಗೆ ಕೂತವರು ಹುರಿಯನ್ನು ಗಾಜಿನ ನಡುವಿನ ಕಡೆಗೆ ನಿಧಾನವಾಗಿ ಎಳೆಯುತ್ತ ಬಂದರೆ, ರಬ್ಬರಿನ ತುಟಿ ಒಂದೊಂದೇ ಅಂಗುಲ ಪತ್ರೆಯ ಮೇಲೆ ಹತ್ತಿ ಕೂರುತ್ತದೆ. ಒಂದೇ ಕಡೆ ಎಳೆಯದೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆಯಬೇಕು. ಮೂಲೆಗಳಲ್ಲಿ ಅವಸರ ಮಾಡಿದವರು ಗಾಜನ್ನು ಎರಡನೆಯ ಸಲ ಕೊಳ್ಳುತ್ತಾರೆ.

ಗುದ್ದಿ ಕೂಡಿಸುವ ಮಿಸ್ತ್ರಿಯವರು ಸಿಕ್ಕರೆ ಕೈ ಮುಗಿದು ಕಳಿಸಿಬಿಡಿ. ಚೌಕಟ್ಟಿಲ್ಲದ ಹಳೆಯ ಬಸ್ಸು ಲಾರಿಗಳಿಗೆ ರಬ್ಬರು ಬೀಡಿಂಗಿನಲ್ಲಿ ಗಾಜು ಕೂಡಿಸಿ ಪಳಗಿದ ಹಿರಿಯ ಕೆಲಸಗಾರರು ನಮ್ಮ ಪೇಟೆಗಳಲ್ಲಿ ಇನ್ನೂ ಇದ್ದಾರೆ. ಅಂಟು ಹಚ್ಚಿ ಕೂಡಿಸುವ ಇಂದಿನ ಕಾರುಗಳನ್ನು ಮಾತ್ರ ಬಲ್ಲ ಹುಡುಗರಿಗಿಂತ ಅವರು ಈ ಕೆಲಸಕ್ಕೆ ಮೇಲು.

ಮಳೆಗಾಲದಲ್ಲಿ ಸೋರದಂತೆ ಸಿಲಿಕೋನ್ ಹಚ್ಚಬಹುದೇ?

ಸಿಲಿಕೋನ್ ಗಟ್ಟಿಯಾಗಿ ಅಂಟಿಕೊಂಡು ಮುಂದಿನ ಸಲ ಬಿಚ್ಚುವವರಿಗೆ ಶತ್ರುವಾಗುತ್ತದೆ, ಅದರ ಮೇಲೆ ಬಣ್ಣವೂ ಹಿಡಿಯುವುದಿಲ್ಲ. ಒಣಗಿ ಗಟ್ಟಿಯಾಗದ ಮಾಸ್ಟಿಕ್ ಬಗೆಯ ಸೀಲರನ್ನು ರಬ್ಬರು ಮತ್ತು ಪತ್ರೆಯ ನಡುವೆ ತೆಳುವಾಗಿ ಹಾಕಿದರೆ ಸಾಕು. ಪತ್ರೆಯ ಅಂಚಿನಲ್ಲಿ ತುಕ್ಕಿದ್ದರೆ ಅದನ್ನು ಕೆರೆದು ಪ್ರೈಮರು ಮತ್ತು ಬಣ್ಣ ಒಣಗುವವರೆಗೆ ಗಾಜನ್ನು ಕೂಡಿಸಲೇಬಾರದು. ತುಕ್ಕಿನ ಮೇಲೆ ಕೂತ ಹೊಸ ರಬ್ಬರು ಎರಡು ಮಳೆಗಾಲ ಬಾಳುವುದಿಲ್ಲ. ಪರೀಕ್ಷೆಗೆ, ಒಬ್ಬರು ಒಳಗೆ ಟಾರ್ಚು ಹಿಡಿದು ಕೂತಿರುವಾಗ ಹೊರಗಿನಿಂದ ಪೈಪಿನ ನೀರನ್ನು ಕೆಳಗಿನಿಂದ ಮೇಲಕ್ಕೆ ಬಿಡುತ್ತ ಹೋಗಿ. ಮೇಲಿನಿಂದ ಶುರುಮಾಡಿದರೆ ಎಲ್ಲಿ ಸೋರುತ್ತಿದೆ ಎಂಬುದು ಗೊತ್ತಾಗುವುದೇ ಇಲ್ಲ. ಚೋರ್ಲಾ ಘಾಟಿನ ಜುಲೈ ತಿಂಗಳ ಮಳೆಯಲ್ಲಿ ಯಾವ ಹಳೆಯ ರೋಡ್‌ಸ್ಟರೂ ಪೂರ್ತಿ ಒಣಗಿರುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಈ ಕೆಲಸಕ್ಕೆ ವರ್ಷದ ಯಾವ ಕಾಲ ಒಳ್ಳೆಯದು?

ದಸರೆಯ ನಂತರದಿಂದ ಶಿವರಾತ್ರಿಯವರೆಗೆ, ಬೆಳಗಿನ ಹತ್ತರಿಂದ ಮಧ್ಯಾಹ್ನದೊಳಗೆ.

ಒಡೆದ ಗಾಜಿನ ಚೂರುಗಳಿಂದ ಗಾಡಿಯೊಳಗೆ ಏನು ತೊಂದರೆ?

ಡ್ಯಾಶ್‌ಬೋರ್ಡಿನ ಮೇಲಿನ ಬಿಸಿಗಾಳಿಯ ಕಿಂಡಿಗಳನ್ನು ಕೆಲಸ ಆರಂಭಿಸುವ ಮೊದಲೇ ಟೇಪಿನಿಂದ ಮುಚ್ಚಿ. ಅವುಗಳೊಳಗೆ ಬಿದ್ದ ಚೂರುಗಳು ಎಷ್ಟೋ ದಿನಗಳ ನಂತರ ಫ್ಯಾನು ಹಾಕಿದಾಗ ಮುಖಕ್ಕೆ ಹಾರುತ್ತವೆ. ಕೈಗವಸು ಮತ್ತು ಕನ್ನಡಕ ಹಾಕಿಕೊಳ್ಳಿ, ವೈಪರಿನ ಹಳೆಯ ಬ್ಲೇಡುಗಳನ್ನು ಎಸೆಯಿರಿ. ಅವುಗಳ ರಬ್ಬರಿನಲ್ಲಿ ಹುದುಗಿದ ಒಂದು ಚೂರು ಹೊಸ ಗಾಜಿನ ಮೇಲೆ ಮೊದಲ ದಿನವೇ ಕಮಾನು ಎಳೆಯುತ್ತದೆ.

ಎಲ್ಲ ಮುಗಿದ ಮೇಲೆ ಹಳೆಯ ಗಾಜನ್ನು ಏನು ಮಾಡಬೇಕು?

ಪ್ಲಾಸ್ಟಿಕ್ ಪದರ ಅಂಟಿಕೊಂಡಿರುವುದರಿಂದ ಗುಜರಿಯವರು ಅದನ್ನು ಬಾಟಲಿಯ ಗಾಜಿನೊಂದಿಗೆ ತೆಗೆದುಕೊಳ್ಳುವುದಿಲ್ಲ. ತಯಾರಕರ ಗುರುತಿರುವ ಮೂಲೆಯ ಫೋಟೋ ತೆಗೆದುಕೊಂಡು, ಟೇಪು ಹಾಗೆಯೇ ಇರಲು ಬಿಟ್ಟು, ಗೋಣಿಚೀಲದಲ್ಲಿ ಸುತ್ತಿ ಗೋಡೆಗೆ ನಿಲ್ಲಿಸಿಡಿ. ಹೊಸ ಗಾಜು ಒಂದು ಬೇಸಿಗೆ, ಒಂದು ಮಳೆಗಾಲ, ಒಂದು ಚಳಿಗಾಲವನ್ನು ದಾಟಿದ ಮೇಲೆ ಅದನ್ನು ಹೊರಹಾಕಬಹುದು. ಪ್ಲೈವುಡ್ ಅಚ್ಚಿನ ಮೇಲೆ ಗಾಡಿಯ ಚಾಸಿ ಸಂಖ್ಯೆ, ಗಾಜಿನ ದಪ್ಪ, ನಡುವಿನ ಬಾಗಿನ ಎತ್ತರವನ್ನು ಬರೆದು, ಕಾಗದಪತ್ರಗಳ ಜೊತೆಗೇ ಇಟ್ಟುಕೊಳ್ಳಿ.